ಸಂಘದ ಕೆಲಸಕ್ಕೆ ಕೈಯಿಂದ ಹಾಕಿದ ದುಡ್ಡು ವಾಪಸ್ ಪಡೆಯುವುದು ಹೇಗೆ?

ಮುಂಬೈನ ಒಂದು ಕನ್ನಡ ಸಂಶೋಧಕರ ಸಂಘದಲ್ಲಿ ನಾನು ಒಂಬತ್ತು ವರ್ಷ ಗೌರವ ಕೋಶಾಧಿಕಾರಿಯಾಗಿದ್ದೆ. ಪ್ರತಿ ಮಾರ್ಚ್‌ನಲ್ಲಿ ಸಮಿತಿಯ ಯಾರಾದರೊಬ್ಬರು ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲೆ ಸುರಿಯುತ್ತಿದ್ದರು. ಮಾಸಿದ ಬಿಲ್ಲು, ಮಡಚಿದ ಟಿಕೆಟ್, ಜೊತೆಗೊಂದು ಚೀಟಿ: ‘ಸಂಘದ ಕೆಲಸಕ್ಕೆ ಓಡಾಟ, 2,340’. ಅವರು ಪ್ರಾಮಾಣಿಕರೇ. ಖರ್ಚೂ ನಿಜವೇ. ಆದರೂ ಅರ್ಧ ದುಡ್ಡು ಕೊಡಲು ನನ್ನಿಂದ ಆಗುತ್ತಿರಲಿಲ್ಲ. ಇದೇ ಬೇಜಾರಿನಲ್ಲಿ ಒಳ್ಳೆಯ ವಿದ್ವಾಂಸರೊಬ್ಬರು ಸಮಿತಿಯನ್ನೇ ಬಿಟ್ಟರು. ಅದು ನನಗೆ ಇವತ್ತಿಗೂ ನೋವು.

1. ಮೊದಲು ನಿಮ್ಮ ಜವಾಬ್ದಾರಿ ತಿಳಿಯಿರಿ

ಮಹಾರಾಷ್ಟ್ರದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1860ರ ಸೊಸೈಟಿ ನೋಂದಣಿ ಕಾಯ್ದೆಯ ಜೊತೆಗೆ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆಯ ಕೆಳಗೂ ನೋಂದಣಿಯಾಗಿರುತ್ತವೆ. ಅಂದರೆ ನೀವು ಬರೀ ವೇದಿಕೆ ಮೇಲೆ ಕೂರುವ ಸಮಿತಿ ಸದಸ್ಯರಲ್ಲ, ಸಾರ್ವಜನಿಕರ ದುಡ್ಡು ಕಾಯುವವರು. ಸಮಿತಿ ಬದಲಾದರೆ 90 ದಿನದೊಳಗೆ, ಇಂಥ ಟ್ರಸ್ಟ್‌ಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಸಂಘದ ಉದ್ದೇಶ ಬಿಟ್ಟು ಬೇರೆಯದಕ್ಕೆ ಹಣ ಹೋಗಿದೆಯೇ ಎಂಬುದನ್ನು ಆಡಿಟರ್ ತಮ್ಮ ವರದಿಯಲ್ಲಿ ಹೇಳಲೇಬೇಕು. ನಿಮ್ಮ ಟ್ಯಾಕ್ಸಿ ಬಾಡಿಗೆಯೂ ಆ ಲೆಕ್ಕದೊಳಗೇ ಬರುತ್ತದೆ.

ಬೈಲಾ, ಅಂದರೆ ಸಂಘದ ನಿಯಮಾವಳಿ, ಒಮ್ಮೆ ಪೂರ್ತಿ ಓದಿ. ಲೆಕ್ಕಪತ್ರ ಓದದೆ ಸಹಿ ಹಾಕಬೇಡಿ. ಖಾಲಿ ಚೆಕ್‌ಗೆ ಸಹಿ ಹಾಕಿ ಇಡುವ ಅಭ್ಯಾಸ ಎಷ್ಟೋ ಸಂಘಗಳಲ್ಲಿದೆ, ಯಾರೇ ಕೇಳಿದರೂ ಹಾಕಬೇಡಿ. ನಿಮ್ಮ ಭಾವನ ಪ್ರೆಸ್ಸಿಗೆ ಸ್ಮರಣ ಸಂಚಿಕೆ ಮುದ್ರಣ ಕೊಡುವ ಮಾತು ಬಂದರೆ, ಸಂಬಂಧ ಇದೆ ಎಂದು ಹೇಳಿ ಹೊರಗೆ ಹೋಗಿ ಕುಳಿತುಕೊಳ್ಳಿ. ನೀವು ಹೊರಗೆ ಹೋಗಿದ್ದು ನಡಾವಳಿ ಪುಸ್ತಕದಲ್ಲಿ ಬರಲಿ.

2. ಖರ್ಚು ಮಾಡುವ ಮೊದಲೇ ಒಪ್ಪಿಗೆ

ಠರಾವು, ಅಂದರೆ ಸಮಿತಿ ಸಭೆಯ ನಿರ್ಣಯ, ಇಲ್ಲದ ಖರ್ಚು ನಿಮ್ಮದೇ ಖರ್ಚು. ಅವಸರದ ಕೆಲಸವಾದರೆ ಅಧ್ಯಕ್ಷರಿಗೋ ಕಾರ್ಯದರ್ಶಿಗೋ ಒಂದು ಇಮೇಲ್ ಹಾಕಿ, ಮುಂದಿನ ಸಭೆಯಲ್ಲಿ ದಾಖಲಿಸಿ. ಫೋನಿನಲ್ಲಿ ‘ಹೂಂ, ಮಾಡಿ’ ಅಂದಿದ್ದನ್ನು ನಂಬಿಕೊಂಡು ಟಿಕೆಟ್ ತೆಗೆಯಬೇಡಿ.

3. ವೋಚರ್: ಎಲ್ಲರೂ ಎಡವುವುದು ಇಲ್ಲೇ

ವೋಚರ್ ಅಂದರೆ ಮೊತ್ತ ಬರೆಯುವ ಚೀಟಿ ಎಂದು ಜನ ತಿಳಿದಿದ್ದಾರೆ. ಅಲ್ಲ. ನಿಮ್ಮ ಪರಿಚಯವೇ ಇಲ್ಲದ ಆಡಿಟರ್ ಎಂಟು ತಿಂಗಳ ಮೇಲೆ ತೆಗೆದು ಓದಿದಾಗ, ಯಾರನ್ನೂ ಕೇಳದೆ ವಿಷಯ ಗೊತ್ತಾಗಬೇಕು. ಯಾವ ದಿನ, ಎಲ್ಲಿಂದ ಎಲ್ಲಿಗೆ, ಯಾಕೆ, ಯಾವ ಠರಾವಿನ ಪ್ರಕಾರ. ಇಷ್ಟೂ ಬೇಕು.

‘ಓಡಾಟ’ ಎಂದು ಬರೆಯಬೇಡಿ. ‘ವಿಚಾರ ಸಂಕಿರಣದ ಸಭಾಂಗಣ ನೋಡಲು ಕಲೀನಾದಿಂದ ಮಾಟುಂಗ, ಹೋಗಿ ಬಂದಿದ್ದು’ ಎಂದು ಬರೆಯಿರಿ. ಒಬ್ಬರು ಇದೇ ದಾರಿಗೆ ‘ಆಟೋ’ ಎಂದು ಬರೆದಿದ್ದರು. ಆಡಿಟರ್ ಕೆಂಪು ಶಾಯಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು. ಮುಂಬೈಯಲ್ಲಿ ಸಯನ್, ಬಾಂದ್ರಾ ದಾಟಿ ದಕ್ಷಿಣಕ್ಕೆ, ಅಂದರೆ ಮಾಟುಂಗದ ಕಡೆಗೆ, ಆಟೋ ಬರುವುದಿಲ್ಲ ಅಲ್ವಾ? ಪಾಪ, ಅವರು ಸಯನ್‌ವರೆಗೆ ಆಟೋದಲ್ಲಿ ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿದಿದ್ದರು. ಎರಡು ಸಾಲು ಬರೆಯಬೇಕಿತ್ತು, ಒಂದೇ ಸಾಲು ಬರೆದರು. ಅಷ್ಟಕ್ಕೇ ನಿಜವಾದ ಖರ್ಚೂ ಸುಳ್ಳಿನ ಹಾಗೆ ಕಂಡಿತು.

ಮೀಟರ್ ಗಾಡಿಯವರು ಬಿಲ್ ಕೊಡುವುದಿಲ್ಲ. ಅಂಥ ಖರ್ಚಿಗೆ ನಿಮ್ಮ ಸಹಿಯ ವೋಚರೇ ಆಧಾರ. ಅದಕ್ಕೇ ಅದನ್ನು ಅವತ್ತು ರಾತ್ರಿಯೇ ಬರೆಯಬೇಕು. ತಿಂಗಳ ಕೊನೆಗೆ ಕೂತು ನೆನಪಿನಿಂದ ಬರೆದರೆ ಎಲ್ಲ ಮೊತ್ತವೂ 100, 150, 200 ಆಗುತ್ತದೆ. ನಿಜವಾದ ಮೀಟರ್ ಹಾಗೆ ದುಂಡಗೆ ಓಡುವುದಿಲ್ಲ. ಲೋಕಲ್ ಟ್ರೇನಿನ ಮಾಸಿಕ ಪಾಸ್ ಇದ್ದವರು ಅದೇ ದಾರಿಗೆ ಟಿಕೆಟ್ ದುಡ್ಡು ಕೇಳಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಫೋನಿನಲ್ಲಿ ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಬಿಲ್ ಅಲ್ಲ. ದುಡ್ಡು ಹೋಯಿತು ಎಂದಷ್ಟೇ ಅದು ಹೇಳುತ್ತದೆ, ಯಾವುದಕ್ಕೆ ಹೋಯಿತು ಎಂದಲ್ಲ. ಎರಡನ್ನೂ ಲಗತ್ತಿಸಿ. ಹೋಟೆಲ್ ಬಿಲ್ ಆದಷ್ಟೂ ಸಂಘದ ಹೆಸರಿನಲ್ಲಿರಲಿ. ರೈಲಿಗೆ ಟಿಕೆಟ್ ಕೊಡಿ. ಟಿಕೆಟ್ ರದ್ದಾಗಿ ರೀಫಂಡ್ ಬಂದಿದ್ದರೆ, ಕೇಳಬೇಕಾದದ್ದು ಕಡಿತವಾದ ಹಣ ಮಾತ್ರ.

ಇನ್ನು ಥರ್ಮಲ್ ಕಾಗದದ ಬಿಲ್ಲು. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗಿರುತ್ತದೆ. ಹಾಗಾಗಿ ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾಡಿಸಿದರೆ ಆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ, ಹಾಗೆ ಹಾಳಾದ ಬಿಲ್ಲುಗಳು ನನ್ನ ಕೈಗೇ ಬಂದಿವೆ. ಅಕ್ಷರದ ಮೇಲೆ ಅಂಟುಪಟ್ಟಿ ಹಚ್ಚಲೇಬೇಡಿ, ಅದರ ಅಂಟಿಗೂ ಅಕ್ಷರ ಹೋಗುತ್ತದೆ. ಅಗ್ಗದ ಸ್ಟೇಪ್ಲರ್ ಪಿನ್ನು ಮುಂಬೈ ಮಳೆಗಾಲಕ್ಕೆ ತುಕ್ಕು ಹಿಡಿದು ಅಂಕಿಯನ್ನೇ ತಿನ್ನುತ್ತದೆ. ನನಗೆ ದಾರದ ಟ್ಯಾಗೇ ಇಷ್ಟ. ಬರೆದದ್ದು ತಪ್ಪಾದರೆ ಬಿಳಿ ಬಣ್ಣ ಬಳಿಯಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು ಸಹಿ ಹಾಕಿ.

4. ಸ್ವಂತದ್ದನ್ನು ಬೇರೆ ಮಾಡಿ

ಧಾರವಾಡದಲ್ಲಿ ಎರಡು ದಿನದ ಸಮ್ಮೇಳನ ಎಂದುಕೊಳ್ಳಿ. ನೀವು ಹೆಂಡತಿಯನ್ನೂ ಕರೆದುಕೊಂಡು ಹೋದಿರಿ, ಮುಗಿದ ಮೇಲೆ ಮೂರು ದಿನ ಊರಿನಲ್ಲಿದ್ದಿರಿ. ತಪ್ಪೇನಿಲ್ಲ. ಆದರೆ ಸಂಘದ ಪಾಲು ನಿಮ್ಮೊಬ್ಬರ ಟಿಕೆಟ್, ಒಬ್ಬರ ರೂಮಿನ ದರ, ಎರಡು ದಿನದ ಊಟ ಅಷ್ಟೇ. ಹಂಚಿದ ಲೆಕ್ಕವನ್ನು ವೋಚರ್ ಮೇಲೇ ತೋರಿಸಿ. ಕರೆದವರೇ ಪ್ರಯಾಣದ ಖರ್ಚು ಕೊಟ್ಟಿದ್ದರೆ ಅದೇ ಟಿಕೆಟ್ಟನ್ನು ನಮ್ಮ ಮುಂದೆ ಇಡಬಾರದು. ಒಬ್ಬ ಹಿರಿಯರು ಮರೆತು ಎರಡೂ ಕಡೆ ಕೊಟ್ಟಿದ್ದರು. ತಿಳಿದ ದಿನವೇ ಬಂದು ದುಡ್ಡು ವಾಪಸ್ ಕಟ್ಟಿದರು. ನಾನು ಅವರಿಗೆ ರಸೀದಿ ಬರೆದುಕೊಟ್ಟೆ.

5. ಮಂಜೂರಾತಿ, ಪಾವತಿ

ತನ್ನ ಬಿಲ್ಲಿಗೆ ತಾನೇ ಮಂಜೂರಾತಿ ಕೊಡಬಾರದು. ಕೋಶಾಧಿಕಾರಿಯ ಖರ್ಚನ್ನು ಅಧ್ಯಕ್ಷರು ನೋಡಲಿ, ಅಧ್ಯಕ್ಷರದ್ದನ್ನು ಸಮಿತಿ ನೋಡಲಿ. ಖರ್ಚಾದ 15 ದಿನದೊಳಗೆ ವೋಚರ್ ಕೊಡುವ ನಿಯಮ ನಮ್ಮಲ್ಲಿತ್ತು, ನೀವೂ ಹಾಗೆ ಇಟ್ಟುಕೊಳ್ಳಿ.

ದುಡ್ಡು ಬ್ಯಾಂಕ್ ಖಾತೆಗೇ ಬರಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ, ತೆರಿಗೆ ಲೆಕ್ಕದಲ್ಲಿ ಅದನ್ನು ಸಾಮಾನ್ಯವಾಗಿ ಸಂಘದ ಉದ್ದೇಶಕ್ಕೆ ಆದ ಖರ್ಚೆಂದು ಒಪ್ಪುವುದಿಲ್ಲ. 5,000 ರೂಪಾಯಿ ಮೀರಿದ ನಗದಿಗೆ ಸಹಿ ಹಾಕುವಾಗ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಬೇಕು.

ಅಡ್ವಾನ್ಸ್ ತೆಗೆದುಕೊಂಡಿದ್ದರೆ ಮಾರ್ಚ್ 31ರೊಳಗೆ ಲೆಕ್ಕ ಕೊಟ್ಟು ಉಳಿದದ್ದನ್ನು ಕಟ್ಟಿ. ಇಲ್ಲದಿದ್ದರೆ ಸಂಘ ತನ್ನದೇ ಸಮಿತಿಯವರಿಗೆ ಸಾಲ ಕೊಟ್ಟ ಹಾಗೆ ಆಸ್ತಿ-ಹೊಣೆ ಪಟ್ಟಿಯಲ್ಲಿ ನಿಮ್ಮ ಹೆಸರು ಕೂರುತ್ತದೆ. ಮಹಾಸಭೆಯಲ್ಲಿ ಅದನ್ನು ಓದುವಾಗ ಎಲ್ಲರಿಗೂ ಮುಜುಗರ.

ಪಾವತಿಯಾದ ದಿನ ವೋಚರ್ ಮತ್ತು ಬಿಲ್ಲು ಎರಡರ ಮೇಲೂ ‘ಪಾವತಿಯಾಗಿದೆ’ ಎಂದು ಸೀಲ್ ಹಾಕಿಸಿ, ಬ್ಯಾಂಕ್ ವರ್ಗಾವಣೆ ಸಂಖ್ಯೆ ಬರೆಸಿ. ಅದರ ಒಂದು ಫೋಟೋ ನಿಮ್ಮ ಹತ್ತಿರವೂ ಇರಲಿ.