‘ಮಾಯಾಬಜಾರ್’ ಹಾಡಿನ ಅರಿಸೆ, ಬೂರೆ: ನಾನು ಮಾಡುವ ಬಗೆ

1957ರ ತೆಲುಗು ಸಿನಿಮಾ ‘ಮಾಯಾಬಜಾರ್’ನಲ್ಲಿ ಘಟೋತ್ಕಚನಾದ ಎಸ್.ವಿ. ರಂಗರಾವ್ ಮದುವೆಮನೆಯ ಅಡುಗೆಯನ್ನೆಲ್ಲ ಕಬಳಿಸುತ್ತಾರಲ್ಲ, ಆ ‘ವಿವಾಹ ಭೋಜನಂಬು’ ಹಾಡೇ ಒಂದು ತಿಂಡಿಪಟ್ಟಿ. ಬರೆದವರು ಪಿಂಗಳಿ ನಾಗೇಂದ್ರರಾವ್, ಹಾಡಿದವರು ಮಾಧವಪೆದ್ದಿ ಸತ್ಯಂ. ಮೊದಲು ಗಾರೆ (ಉದ್ದಿನ ವಡೆ), ಬೂರೆ (ಹೂರಣದುಂಡೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು), ಅರಿಸೆ (ಅಕ್ಕಿಹಿಟ್ಟು, ಬೆಲ್ಲದ ಕರಿದ ಸಿಹಿ). ಆಮೇಲೆ ಲಾಡು, ಫೇಣಿ, ಜಿಲೇಬಿ. ಕೊನೆಗೆ ಹಪ್ಪಳ, ಪುಳಿಹೋರ (ನಮ್ಮ ಪುಳಿಯೋಗರೆ), ದಪ್ಪಳ (ತರಕಾರಿ ಹುಳಿ), ಪಾಯಸ. ಲಾಡುಗಳು ತಾವಾಗಿಯೇ ಬಾಯಿಗೆ ಹಾರುವುದರಿಂದ ನೋಡಿದವರಿಗೆಲ್ಲ ಲಾಡೇ ನೆನಪು. ಆದರೆ ತೆಲುಗು ಮದುವೆಮನೆಯ ಕೈಗುಣ ತಿಳಿಯುವುದು ಅರಿಸೆಯಲ್ಲಿ, ಬೂರೆಯಲ್ಲಿ. ಫೇಣಿ, ಜಿಲೇಬಿಗಳನ್ನು ನಾನಂತೂ ಅಂಗಡಿಯಿಂದಲೇ ತರಿಸುತ್ತೇನೆ.

ಮಾಡಲು ಕೂತಾಗ ಹಾಡಿನ ಸಾಲು ಹಿಡಿದು ಹೋಗಬಾರದು. ಅರಿಸೆ ಹತ್ತು ಹನ್ನೆರಡು ದಿನ ಕೆಡದು, ಅದನ್ನು ಎರಡು ದಿನ ಮುಂಚೆಯೇ ಮುಗಿಸುತ್ತೇನೆ. ಬೂರೆ ಅಂದಂದಿಗೇ ಆಗಬೇಕು. ಗಾರೆ ಎಲೆ ಹಾಕಿದ ಮೇಲೆ ಬಾಣಲೆಗೆ.

ಹಳೆ ಮೈಸೂರು ಕಡೆ ದೀಪಾವಳಿಗೆ ಮಾಡುವ ಕಜ್ಜಾಯದ ಬಳಗಕ್ಕೇ ಸೇರಿದ್ದು ಅರಿಸೆ. ಆಂಧ್ರದಲ್ಲಿ ಅದು ಸಂಕ್ರಾಂತಿಗೂ ಮದುವೆಗೂ ಬೇಕು. 1 ಕೆಜಿ ದಪ್ಪ ಬೆಳ್ತಿಗೆ ಅಕ್ಕಿಯನ್ನು ಇಡೀ ಒಂದು ದಿನ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ಇಲ್ಲದಿದ್ದರೆ ಹುಳಿವಾಸನೆ ಬರುತ್ತದೆ. ಬಸಿದು ಬಟ್ಟೆಯ ಮೇಲೆ ನೆರಳಲ್ಲಿ ಹದಿನೈದಿಪ್ಪತ್ತು ನಿಮಿಷ ಹರವಿದರೆ ಸಾಕು. ಅಂಗೈಗೆ ತಣ್ಣಗೆ ತಾಗಬೇಕು, ನೀರು ಅಂಟಬಾರದು. ಹಿಟ್ಟು ಮಾಡಿ ಜರಡಿ ಹಿಡಿದು, ಪಾತ್ರೆಯಲ್ಲಿ ಒತ್ತಿ ತುಂಬಿ ಒದ್ದೆ ಬಟ್ಟೆ ಮುಚ್ಚಿಡಿ. ಹಿಡಿಯಲ್ಲಿ ಅದುಮಿದರೆ ಉಂಡೆ ನಿಲ್ಲಬೇಕು. ಹಿಟ್ಟು ಒಣಗಿತೋ, ಅರಿಸೆ ಬಿರಿಯುತ್ತದೆ, ಮರುದಿನಕ್ಕೆ ಹಲ್ಲಿಗೆ ಸವಾಲಾಗುತ್ತದೆ. ಅಂಗಡಿಯ ಒಣ ಅಕ್ಕಿಹಿಟ್ಟು ಇದಕ್ಕೆ ಬೇಡವೇ ಬೇಡ.

ಬೆಲ್ಲ 750 ಗ್ರಾಂ, ನೀರು ಒಂದು ಲೋಟ. ಕರಗಿದ ಮೇಲೆ ಸೋಸಿ ಮತ್ತೆ ಒಲೆಗಿಡಿ. ನೊರೆ ದಪ್ಪವಾದಾಗ ಒಂದು ತೊಟ್ಟು ಪಾಕವನ್ನು ತಟ್ಟೆಯ ನೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿ ನೋಡಿ: ಮೆತ್ತನೆ ಉಂಡೆಯಾಗಿ, ಎತ್ತಿದಾಗ ಬೆರಳ ಮೇಲೆ ಸ್ವಲ್ಪ ಚಪ್ಪಟೆಯಾದರೆ ಸರಿ. ನೀರಲ್ಲೇ ಹರಡಿದರೆ ಇನ್ನೂ ಎಳೆಯದು. ತಟ್ಟೆಗೆ ಬಡಿದಾಗ ಟಣ್ ಎಂದರೆ ಪಾಕ ಮೀರಿತು, ಅರಿಸೆ ಗಟ್ಟಿ ಎಂದೇ ತಿಳಿಯಿರಿ. ಈ ಎರಡರ ನಡುವೆ ಸಿಗುವುದು ಒಂದೆರಡು ನಿಮಿಷ ಮಾತ್ರ. ಏಲಕ್ಕಿ, ತುಪ್ಪ, ಹಿಟ್ಟು ಎಲ್ಲ ಮೊದಲೇ ಕೈಗೆಟುಕುವಂತಿರಲಿ.

ಕೆಳಗಿಳಿಸಿ ಎರಡು ಚಮಚ ತುಪ್ಪ, ಏಲಕ್ಕಿ ಹಾಕಿ, ಒಬ್ಬರು ಹಿಟ್ಟು ಉದುರಿಸುತ್ತಿದ್ದಂತೆ ಇನ್ನೊಬ್ಬರು ತಿರುವಬೇಕು. ಒಂಟಿ ಕೈಯಲ್ಲಿ ಮಾಡಿದರೆ ಗಂಟು ಖಂಡಿತ. ಹಿಟ್ಟು ಪೂರ್ತಿ ಹಿಡಿಯಲೇಬೇಕೆಂದಿಲ್ಲ. ಸೌಟಿನಿಂದ ನಿಧಾನಕ್ಕೆ ಜಾರುವ ಹದಕ್ಕೆ ನಿಲ್ಲಿಸಿ. ಆರಿದಾಗ ಅದೇ ಬಿಗಿಯಾಗುತ್ತದೆ. ತೆಲುಗಿನವರು ಇದಕ್ಕೆ ಚಲಿಮಿಡಿ ಎನ್ನುತ್ತಾರೆ. ನಿಂಬೆಗಾತ್ರದ ಉಂಡೆಯನ್ನು ಎಳ್ಳಿನಲ್ಲಿ ಹೊರಳಿಸಿ, ತುಪ್ಪ ಸವರಿದ ಬಾಳೆಲೆಯ ಮೇಲೆ ತಟ್ಟಿ, ಮಧ್ಯಮ ಉರಿಯಲ್ಲಿ ಒಂದೊಂದೇ ಕರಿಯಿರಿ. ಕೆಂಪಾದೊಡನೆ ಎತ್ತಿ ಎರಡು ಜಾಲರಿ ಸೌಟುಗಳ ನಡುವೆ ಒತ್ತಿದರೆ ಎಣ್ಣೆ ಧಾರೆಯಾಗಿ ಇಳಿಯುತ್ತದೆ. ಬಿಸಿ ಆರುವ ಮುನ್ನ ಒತ್ತಬೇಕು, ಒಂದರ ಮೇಲೊಂದು ಪೇರಿಸಬಾರದು.

ಮೊದಲನೆಯದು ಎಣ್ಣೆಯಲ್ಲಿ ಪುಡಿಯಾಯಿತೇ? ಪಾಕ ಎಳೆಯದಾಗಿತ್ತು. ಉಳಿದ ಹಸಿ ಹಿಟ್ಟು ಒಂದೆರಡು ಹಿಡಿ ನಾದಿಕೊಂಡರೆ ಸುಧಾರಿಸುತ್ತದೆ. ಪಾಕ ಮೀರಿದ್ದರೆ ಬಿಸಿ ಹಾಲು ಚಿಮುಕಿಸಿ ನಾದಬಹುದು, ಆದರೆ ಅಂಥದ್ದು ಹೆಚ್ಚು ದಿನ ಇರುವುದಿಲ್ಲ.

ಬೂರೆಗೆ ಅರ್ಧ ಕೆಜಿ ಕಡಲೆಬೇಳೆ, ಅಷ್ಟೇ ಬೆಲ್ಲ. ಬೇಳೆ ಹಿಸುಕಿದರೆ ನುಣ್ಣಗಾಗಬೇಕು, ಆದರೆ ಕರಗಿರಬಾರದು. ಕಟ್ಟು ಪೂರ್ತಿ ಬಸಿಯಿರಿ (ಸಾರಿಗಾಯಿತು), ನೀರು ಹಾಕದೆ ರುಬ್ಬಿ, ಬೆಲ್ಲ ಸೇರಿಸಿ, ಹೂರಣ ಬಾಣಲೆಯ ತಳ ಬಿಡುವವರೆಗೆ ಕಾಯಿಸಿ. ಮೇಲಿನ ಹೊದಿಕೆಗೆ ಒಂದು ಪಾಲು ಉದ್ದು, ಎರಡು ಪಾಲು ಅಕ್ಕಿ, ನಾಲ್ಕು ಗಂಟೆ ನೆನೆಸಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ರುಬ್ಬಿ ಚಿಟಿಕೆ ಉಪ್ಪು ಹಾಕಿ. ಹುದುಗಲು ಬಿಡಬೇಡಿ, ಹುದುಗಿದ ಹಿಟ್ಟು ಎಣ್ಣೆ ಕುಡಿಯುತ್ತದೆ. ಹೂರಣವನ್ನು ಉಂಡೆ ಕಟ್ಟಿ, ಈ ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗೆ ಬಿಡಿ. ಸುಕ್ಕಿನುಂಡೆ ಮಾಡಿ ಗೊತ್ತಿದ್ದವರಿಗೆ ಇದು ಸಲೀಸು. ಹೂರಣದಲ್ಲಿ ತೇವ ಉಳಿದಿದ್ದರೆ, ಇಲ್ಲವೇ ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ, ಕಾದ ಎಣ್ಣೆಯಲ್ಲಿ ಬೂರೆ ಒಡೆದು ಬೆಲ್ಲವೆಲ್ಲ ಕರಕಾಗುತ್ತದೆ. ಆ ಎಣ್ಣೆ ಸೋಸದೆ ಮುಂದುವರಿದರೆ ಉಳಿದವಕ್ಕೂ ಕಹಿ. ಹೊದಿಕೆ ಬಿಗಿಯುವವರೆಗೆ ಸೌಟು ತಾಗಿಸಬೇಡಿ. ಎಲೆಗೆ ಬಡಿಸಿದ ಮೇಲೆ ಹೆಬ್ಬೆರಳಿನಿಂದ ನೆತ್ತಿ ಒತ್ತಿ ಗುಳಿ ಮಾಡಿ, ಬಿಸಿ ತುಪ್ಪ ಸುರಿದು ತಿನ್ನುವುದು ತೆಲುಗಿನವರ ಪದ್ಧತಿ.