ಇಡ್ಲಿ ಹಿಟ್ಟು ಮತ್ತು ಎಪಿ ಕ್ಯಾಲ್ಕುಲಸ್

ಮಗಳು ಹನ್ನೊಂದನೆಯ ತರಗತಿಯಲ್ಲಿದ್ದ ವರ್ಷ, ಫೆಬ್ರುವರಿಯ ಒಂದು ಭಾನುವಾರ, ಅವಳು ಅಭ್ಯಾಸಕ್ಕೆಂದು ಬಿಡಿಸಿದ್ದ ಎಪಿ ಕ್ಯಾಲ್ಕುಲಸ್ ಪರೀಕ್ಷೆಯ ಆರು ಹಳೆಯ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕೆಂಪು ಪೆನ್ನು ಹಿಡಿದು ಕುಳಿತೆ. ಒಂದೊಂದಕ್ಕೆ ಒಂಬತ್ತರಂತೆ ಒಟ್ಟು 54 ಅಂಕ. ಹೋದದ್ದು 14. ಕ್ಯಾಲ್ಕುಲಸ್ ತಿಳಿಯದೆ ಹೋದವು ಅದರಲ್ಲಿ ಮೂರೇ ಮೂರು. ಮಿಕ್ಕ ಹನ್ನೊಂದೂ ಋಣ ಚಿಹ್ನೆ ಮರೆತದ್ದು, ಭಿನ್ನರಾಶಿ ಕೂಡುವಾಗ ಛೇದ ತಪ್ಪಿದ್ದು, ಆವರಣ ಬಿಡಿಸುವಾಗ ಒಂದು ಪದ ಬಿಟ್ಟದ್ದು. ಅರಕಲಗೂಡಿನಲ್ಲಿ ನಮ್ಮ ಲೆಕ್ಕದ ಮೇಷ್ಟ್ರು ಎಂಟನೆಯ ತರಗತಿಯಲ್ಲೇ ಬೆತ್ತ ತೋರಿಸಿ ಬಿಡಿಸುತ್ತಿದ್ದ ತಪ್ಪುಗಳು.

ಇಲ್ಲಿ ನ್ಯೂಜೆರ್ಸಿಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಹೋದರೂ ‘ನಿಮ್ಮ ಮಗಳು ಎಷ್ಟು ಎಪಿ ತೆಗೆದುಕೊಂಡಿದ್ದಾಳೆ?’ ಎಂಬ ಪ್ರಶ್ನೆ ಕಾದಿರುತ್ತದೆ. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿಯೇ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ, ಒಂದರಿಂದ ಐದರವರೆಗಿನ ಅಂಕ. ಒಳ್ಳೆಯ ಅಂಕ ಬಂದರೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಅದೇ ಪಾಠವನ್ನು ಮತ್ತೆ ಓದಬೇಕಾಗಿಲ್ಲ. ನಮ್ಮೂರಿನ ‘ಎಷ್ಟು ಪರ್ಸೆಂಟ್?’ ಎಂಬ ಪ್ರಶ್ನೆಯೇ ಕೋಟು ತೊಟ್ಟು ಬಂದಂತೆ.

ಆ ಹನ್ನೊಂದು ಅಂಕಗಳಿಗೆ ಹೊಣೆ ನಾನು ಮತ್ತು ನನ್ನ ಗಂಡ. ಕ್ಯಾಲ್ಕುಲಸ್‌ವರೆಗೆ ಹೋಗುವವರ ಸಾಮಾನ್ಯ ದಾರಿಯಲ್ಲಿ ಎಂಟರಲ್ಲಿ ಬೀಜಗಣಿತ, ಒಂಬತ್ತರಲ್ಲಿ ರೇಖಾಗಣಿತ, ಹತ್ತರಲ್ಲಿ ಬೀಜಗಣಿತದ ಎರಡನೆಯ ಭಾಗ, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್ ಮುಗಿಸಿದರೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಸಿಗುತ್ತದೆ. ನಾವು ಅವಳನ್ನು ಏಳರಲ್ಲೇ ಬೀಜಗಣಿತಕ್ಕೆ ತಳ್ಳಿದ್ದೆವು. ಬೇಸಿಗೆ ರಜೆಯ ಆರು ವಾರ ಟ್ಯೂಷನ್ ಕೊಡಿಸಿ, ಪರೀಕ್ಷೆ ಪಾಸು ಮಾಡಿಸಿ, ಮನೆಯಲ್ಲಿ ಜಾಮೂನು ಮಾಡಿದ್ದೆ. ಪಾಸಾಗುವಷ್ಟು ಬಂದಿತ್ತು, ಕೈಗೆ ಪಳಗಿರಲಿಲ್ಲ.

ಇನ್ನೊಂದು ತಪ್ಪು ನಾನೇ ಕಲಿಸಿದ್ದು. ಆ ಪತ್ರಿಕೆಯಲ್ಲಿ, ಬೇರೆ ಸೂಚನೆ ಇಲ್ಲದಿದ್ದರೆ, ಉತ್ತರವನ್ನು ಸರಳೀಕರಿಸುವ ಅಗತ್ಯವಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಆದರೆ ಪಿಯುಸಿಯಲ್ಲಿ ಅಂತಿಮ ಉತ್ತರಕ್ಕೆ ಚೌಕ ಹಾಕಿ ಬೆಳೆದವಳು ನಾನು. ಕೊನೆಯ ಸಾಲಿನವರೆಗೆ ಒಯ್ಯದಿದ್ದರೆ ನನಗೆ ಲೆಕ್ಕ ಮುಗಿದಂತೆಯೇ ಅನ್ನಿಸುವುದಿಲ್ಲ. ಮಗಳು ಸರಿಯಾದ ಉತ್ತರವನ್ನು ಬರೆದು, ನನ್ನ ಮಾತು ನೆನೆದು ಅದನ್ನು ಸರಳಗೊಳಿಸಲು ಹೋಗಿ, ಅಲ್ಲಿ ಎಡವಿದ್ದಳು. ಸರಳಗೊಳಿಸುವಾಗ ತಪ್ಪಿದರೆ ಆ ಅಂಕ ಹೋಯಿತೆಂದೇ ಲೆಕ್ಕ. ‘ಅಮ್ಮಾ, ಇಲ್ಲಿಗೇ ನಿಲ್ಲಿಸಬಹುದಿತ್ತು’ ಎಂದು ತೋರಿಸಿದಾಗ ನಾನು ಪೆನ್ನಿನ ಮುಚ್ಚಳ ಹಾಕಿದೆ.

ಅಂದಿನಿಂದ ಅವಳು ಒಂದು ತಪ್ಪಿನ ಪುಸ್ತಕ ಇಟ್ಟಳು. ತಪ್ಪಾದ ಲೆಕ್ಕವಲ್ಲ, ತಪ್ಪಿದ ಸಾಲು ಮಾತ್ರ, ಪಕ್ಕದಲ್ಲಿ ಕಾರಣ ನಾಲ್ಕೇ ಪದಗಳಲ್ಲಿ. ಅಜಾಗರೂಕತೆ ಎಂದು ಬರೆಯುವುದು ನಿಷಿದ್ಧ; ಅದು ಕಾರಣವಲ್ಲ, ಬೈಗುಳ. ಜುಲೈಯಲ್ಲಿ ಫಲಿತಾಂಶ ಬಂದಾಗ ನಾಲ್ಕು ಸಿಕ್ಕಿತ್ತು. ಐದು ಬರಲಿಲ್ಲವೆಂದು ಎರಡು ದಿನ ಮಾತು ಬಿಟ್ಟಿದ್ದಳು.

ಆಗ ಮಗ ಆರನೆಯ ತರಗತಿ ಮುಗಿಸಿದ್ದ. ಅವನ ವಿಷಯದಲ್ಲಿ ಮುಂದಿನ ತರಗತಿಯ ಪಾಠವನ್ನು ಮೊದಲೇ ಓದಿಸುವುದನ್ನು ಬಿಟ್ಟೆ. ತಪ್ಪಿನ ಪುಸ್ತಕ ಅವನಿಗೂ ಬಂತು, ದಿನಕ್ಕೆ ಹತ್ತು ನಿಮಿಷ, ಭಿನ್ನರಾಶಿ ಮತ್ತು ಋಣ ಸಂಖ್ಯೆ ಮಾತ್ರ. ಕ್ಯಾಲ್ಕುಲೇಟರ್ ಇಲ್ಲ, ಏಕೆಂದರೆ ಮುಂದೆ ಆ ಪರೀಕ್ಷೆಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಅದನ್ನು ಮುಟ್ಟುವಂತಿಲ್ಲ.

ಇನ್ನು ಹಿಟ್ಟಿನ ಕಥೆ. ಇಲ್ಲಿಯ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗಬೇಕಾದರೆ ಓವನ್ನಿನ ದೀಪ ಮಾತ್ರ ಹಚ್ಚಿ ಒಳಗಿಡಬೇಕು. ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ರುಬ್ಬಿ, ಪಾತ್ರೆಯ ಬದಲು ಎತ್ತರದ ಗಾಜಿನ ಜಾಡಿಗೆ ಸುರಿದು, ಹೊರಗೆ ಕಾಗದದ ಪಟ್ಟಿ ಅಂಟಿಸಿದೆ. ಗಂಟೆಗೊಮ್ಮೆ ಗೆರೆ ಎಳೆಯುವುದು ಮಗನ ಕೆಲಸ. ಮೊದಲ ಮೂರು ಗಂಟೆ ಏನೂ ಆಗಲಿಲ್ಲ. ಅವನಿಗೆ ಬೇಸರ ಬಂತು. ಮಧ್ಯಾಹ್ನದ ಮೇಲೆ ಹಿಟ್ಟು ಎದ್ದಿತು, ಸಂಜೆ ಭರದಿಂದ ಏರಿತು, ರಾತ್ರಿ ನಿಧಾನವಾಯಿತು, ಭಾನುವಾರ ಬೆಳಿಗ್ಗೆ ತುಸು ಕುಗ್ಗಿತ್ತು. ನಕ್ಷೆ ಬರೆದ ಮೇಲೆ ಕೇಳಿದೆ: ಅತಿ ವೇಗವಾಗಿ ಉಬ್ಬಿದ್ದು ಯಾವಾಗ? ಅವನು ಗೆರೆ ಅತಿ ಕಡಿದಾಗಿದ್ದ ಕಡೆ ಬೆರಳಿಟ್ಟ. ಉಬ್ಬುವುದು ನಿಂತದ್ದು? ನೆತ್ತಿಯಲ್ಲಿ. ಅಲ್ಲಿ ಗೆರೆ ಮಲಗಿದೆ ಎಂದ. ಬದಲಾವಣೆಯ ವೇಗಕ್ಕೆ ಕ್ಯಾಲ್ಕುಲಸ್ಸಿನಲ್ಲಿರುವ ಅವಕಲನ ಎಂಬ ಪದವನ್ನು ನಾನು ಎತ್ತಲಿಲ್ಲ. ಕಾದು ಕಾದು ಹುಳಿಯಾದ ಇಡ್ಲಿಯನ್ನು ಮನೆಯವರೆಲ್ಲ ತಿಂದೆವು.

ನಾನು ಕಂಡ ಮಕ್ಕಳು ಗಣಿತಕ್ಕಿಂತ ಹೆಚ್ಚು ಬೆದರುವುದು ಚರಿತ್ರೆಗೆ. ಎಪಿ ವಿಶ್ವ ಚರಿತ್ರೆ 1200ರಿಂದ ಶುರುವಾಗುತ್ತದೆ. ಮೊದಲ ಘಟಕದಲ್ಲಿಯೇ ವಿಜಯನಗರ ಇದೆ. ಅದರ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಏಳು ದಾಖಲೆಗಳನ್ನು ಕೊಟ್ಟು, ಒಂದು ಗಂಟೆಯೊಳಗೆ ಓದಿ ಪ್ರಬಂಧ ಬರೆ ಎನ್ನುತ್ತಾರೆ. ಇಸವಿ ಬಾಯಿಪಾಠ ಮಾಡಿದರೆ ಏನೂ ದಕ್ಕದು. ಯಾರು, ಯಾರಿಗಾಗಿ, ಯಾಕೆ ಬರೆದರು ಎಂದು ಕೇಳಲು ಬರಬೇಕು. ಅದಕ್ಕೆ ಮಗನಿಗೆ ಎರಡೇ ತುಣುಕು ಓದಿಸಿದೆ: 1443ರಲ್ಲಿ ಇಂದಿನ ಅಫ್ಘಾನಿಸ್ತಾನದ ಹೆರಾತಿನಿಂದ ದೂತನಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಝಾಕ್ ಬರೆದದ್ದು, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದದ್ದು. ಇಬ್ಬರೂ ಮಹಾನವಮಿಯ ವೈಭವ ಕಂಡವರು. ಮಗ ಓದಿ, ‘ಇಬ್ಬರೂ ಹೊರಗಿನವರು. ಊರಿನವರು ಏನೂ ಬರೆಯಲಿಲ್ಲವೇ?’ ಎಂದ. ಇಲ್ಲದ ದನಿಯನ್ನು ಹುಡುಕುವುದು ಆ ಪ್ರಶ್ನೆಪತ್ರಿಕೆಗೆ ಬೇಕಾದ ಬುದ್ಧಿಯೇ. ನಾನು ಹಂಪಿಯ ಶಾಸನಗಳ ಚಿತ್ರ ತೆಗೆದೆ. ಕಲ್ಲಿನ ಮೇಲೆ ಕೆತ್ತಿಸಿದವನಿಗೂ ಒಂದು ಉದ್ದೇಶ ಇರುತ್ತದಲ್ಲ ಎಂದು ಅವನೇ ಮುಂದುವರಿಸಿದ. ಆ ರಾತ್ರಿ ಪಾತ್ರೆ ತೊಳೆಯುವುದು ತಡವಾಯಿತು.

ಏಳರಲ್ಲಿಯೇ ಬೀಜಗಣಿತಕ್ಕೆ ಸೇರಿಸುವ ಪರೀಕ್ಷೆಯಲ್ಲಿ ಅವನಿಗೆ ಸ್ವಲ್ಪದರಲ್ಲಿ ತಪ್ಪಿತ್ತು. ತಂದೆತಾಯಿ ಸಹಿ ಹಾಕಿ ಒತ್ತಾಯಿಸಿದರೆ ಸೇರಿಸಿಕೊಳ್ಳುತ್ತಿದ್ದರು. ಅರ್ಜಿ ಎರಡು ವಾರ ಫ್ರಿಜ್ಜಿನ ಬಾಗಿಲಲ್ಲಿತ್ತು. ಅತ್ತ ಹೋಗುವಾಗ, ಇತ್ತ ಬರುವಾಗ ಗಂಡ ಅದನ್ನು ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಸಹಿ ಹಾಕಲಿಲ್ಲ. ಮಗ ಈಗ ಎಂಟರಲ್ಲಿ ಬೀಜಗಣಿತ ಓದುತ್ತಿದ್ದಾನೆ. ಕಳೆದ ಮೂರು ವಾರಗಳಿಂದ ತಪ್ಪಿನ ಪುಸ್ತಕದಲ್ಲಿ ಋಣ ಚಿಹ್ನೆಯ ಸಾಲು ಒಂದೂ ಇಲ್ಲ. ಛೇದದ ಕಾಟ ಇನ್ನೂ ಇದೆ.