ಆಲ್ಪ್ಸ್‌ಗೆ ಸ್ಕೀ ರಜೆ: ಊರು ಆರಿಸುವ ಮೊದಲು ಮನೆಯವರನ್ನು ನೋಡಿ

ಮಂಗಳೂರಿನಲ್ಲಿ ಡಿಸೆಂಬರ್ ಬಂದರೂ ಫ್ಯಾನ್ ಆಫ್ ಮಾಡಲಿಕ್ಕೆ ಆಗುವುದಿಲ್ಲ. ಇಂಥ ಸೆಕೆಯ ಊರಿನಿಂದ ಹೊರಟು ಒಂದು ವಾರ ಹಿಮದಲ್ಲಿ ಸ್ಕೀ ಮಾಡಿ ಬರಬೇಕು ಅಂತ ನನ್ನ ಪರಿಚಯದ ನಾಲ್ಕೈದು ಮನೆಯವರು ಕೇಳಿದ್ದಾರೆ. ಎಲ್ಲರ ಪ್ರಶ್ನೆ ಒಂದೇ, ಯಾವ ಊರು ಬೆಸ್ಟ್? ನಾನು ತಿರುಗಿ ಕೇಳುವುದೂ ಒಂದೇ. ನಿಮ್ಮ ಜೊತೆ ಬರುವವರಲ್ಲಿ ಜಾಸ್ತಿ ಹೆದರುವವರು ಯಾರು? ಅವರಿಗೆ ಹೊಂದುವ ಊರನ್ನು ಆರಿಸಿ. ಚೆನ್ನಾಗಿ ಸ್ಕೀ ಮಾಡುವವರು ಎಲ್ಲಿ ಬಿಟ್ಟರೂ ಖುಷಿಯಾಗಿರುತ್ತಾರೆ.

ನಾವು ಮೊದಲ ಸಲ ಹೋದಾಗ ಇದನ್ನು ಯೋಚಿಸಲಿಲ್ಲ. ಟ್ರಾವೆಲ್ಸ್‌ನವರು ರೇಟ್ ಕಡಿಮೆ ಅಂತ ಕಣಿವೆಯ ಕೆಳಗಿನ ಹೋಟೆಲ್ ಕೊಟ್ಟರು. ಸ್ಕೀ ಮಾಡುವವರನ್ನು ಬೆಟ್ಟದ ಮೇಲೆ ಒಯ್ಯುವ ಲಿಫ್ಟಿಗೆ ಬಸ್ಸಿನಲ್ಲಿ ಹೋಗಬೇಕು. ಸ್ಕೀ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್ ಡಬ್ಬದೊಳಗೆ ಕಾಲಿಟ್ಟ ಹಾಗೆ, ಅದನ್ನು ಹಾಕಿಕೊಂಡು, ಹೆಗಲ ಮೇಲೆ ಸ್ಕೀ ಹೊತ್ತು, ಜಾರುವ ರಸ್ತೆಯಲ್ಲಿ ಬಸ್ ಸ್ಟಾಪಿನವರೆಗೆ ನಡೆಯುವಷ್ಟರಲ್ಲಿ ಅಮ್ಮನಿಗೆ ಸಾಕೋ ಸಾಕಾಯಿತು. ಮೂರನೇ ದಿನದಿಂದ ಅವರು ರೂಮಿನಿಂದ ಹೊರಗೇ ಬರಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಉಂಟು.

ಹಾಗಾಗಿ ಯಾರಾದರೂ ಒಂದು ಊರಿನ ಹೆಸರು ಹೇಳಿದರೆ ಮೊದಲು ಅದರ ಪಿಸ್ಟ್ ಮ್ಯಾಪ್ ತೆಗೆದು ನೋಡಿ. ಪಿಸ್ಟ್ ಅಂದರೆ ಯಂತ್ರದಿಂದ ಹದ ಮಾಡಿದ ಸ್ಕೀ ದಾರಿ. ಫ್ರಾನ್ಸಿನಲ್ಲಿ ಹಸಿರು ಬಣ್ಣದ್ದು ತುಂಬಾ ಸುಲಭ, ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಪಳಗಿದವರಿಗೆ ಮಾತ್ರ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿಯಲ್ಲಿ ಸಾಮಾನ್ಯವಾಗಿ ಹಸಿರು ಇಲ್ಲ, ನೀಲಿಯಿಂದಲೇ ಶುರು. 600 ಕಿಲೋಮೀಟರ್ ಪಿಸ್ಟ್ ಉಂಟು ಅನ್ನುವ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ, ಹೊಸಬರು ಮೊದಲ ವಾರ ಓಡಾಡುವುದು ಎರಡು ಮೂರು ಇಳಿಜಾರುಗಳಲ್ಲಿ ಅಷ್ಟೆ. ಕಲಿಯುವವರ ಜಾಗ ಊರೊಳಗೇ ಉಂಟಾ, ಅಲ್ಲಿ ಮ್ಯಾಜಿಕ್ ಕಾರ್ಪೆಟ್ ಉಂಟಾ ಅಂತ ನೋಡಿ. ಏರ್‌ಪೋರ್ಟಿನ ಬೆಲ್ಟಿನ ಹಾಗೆ ಇರುತ್ತದೆ, ಸುಮ್ನೆ ನಿಂತರೆ ಸಾಕು, ಮೇಲೆ ಒಯ್ಯುತ್ತದೆ. ಕಂಬಿ ಹಿಡಿದು ಎಳೆಸಿಕೊಂಡು ಹೋಗುವ ಡ್ರ್ಯಾಗ್ ಲಿಫ್ಟ್ ಮಾತ್ರ ಇದ್ದರೆ ಮೊದಲ ದಿನ ಹೆದರುವವರು ಅಲ್ಲೇ ಬಿದ್ದು ಅಲ್ಲೇ ಕೈಬಿಡುತ್ತಾರೆ. ಸಂಜೆ ಊರಿಗೆ ಇಳಿಯುವ ದಾರಿಯ ಬಣ್ಣವನ್ನೂ ನೋಡಿಕೊಳ್ಳಿ. ಕೆಂಪು ಒಂದೇ ಇದ್ದರೆ, ಲಿಫ್ಟಿನಲ್ಲೇ ಕೆಳಗೆ ಬರಬಹುದಾ ಅಂತ ಹೋಟೆಲಿಗೆ ಮೇಲ್ ಮಾಡಿ ಕೇಳಿ.

ಆಮೇಲೆ ಎತ್ತರ. 1,000 ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಕೆಳಗೆ ಮಳೆ ಹೊಯ್ಯುವ ದಿನ ಮೇಲೆ ಹಿಮ ಬೀಳುವುದು ಇದರಿಂದಲೇ. ನಮ್ಮ ಕುದುರೆಮುಖದ ತುದಿ 1,894 ಮೀಟರ್ ಅಲ್ವಾ? ಫ್ರಾನ್ಸಿನ ವಾಲ್ ತೊರಾನ್ಸ್‌ನಲ್ಲಿ ಊರೇ 2,300 ಮೀಟರಿನಲ್ಲಿ ಉಂಟು. ಆಸ್ಟ್ರಿಯಾದ ಕಿಟ್ಸ್‌ಬ್ಯೂಹೆಲ್ ಚಂದದ ಹಳೇ ಪೇಟೆ, ಆದರೆ ಬರೀ 762 ಮೀಟರ್, ಚಳಿ ಕಡಿಮೆ ಇದ್ದ ವರ್ಷ ಪೇಟೆಯ ಹತ್ತಿರ ಹಿಮ ಸಿಗುವ ಖಾತ್ರಿ ಇಲ್ಲ. ಹಾಗಂತ ಎತ್ತರ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಅಲ್ಲ ಮಾರಾಯ್ರೆ. 2,000 ಮೀಟರಿನ ಆಚೀಚೆಗೆ ಮರಗಳು ಮುಗಿಯುತ್ತವೆ. ಮೋಡ ಕವಿದು ಹಿಮ ಸುರಿಯುವಾಗ ನೆಲ ಯಾವುದು, ಆಕಾಶ ಯಾವುದು ಗೊತ್ತಾಗುವುದಿಲ್ಲ. ಮರ ಇದ್ದರೆ ಕಣ್ಣಿಗೆ ಒಂದು ಆಧಾರ. ಜುಲೈ ಮಂಜಿನಲ್ಲಿ ಆಗುಂಬೆ ಘಾಟಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರೂ ಹೊಸಬರು, ಸಣ್ಣ ಮಕ್ಕಳೂ ಇದ್ದಾರೆ ಅಂದರೆ ನಾನು ಹೇಳುವುದು ಫ್ರಾನ್ಸಿನ ಅವೋರಿಯಾಜ್. 1,800 ಮೀಟರ್, ಊರೊಳಗೆ ಕಾರಿಲ್ಲ, ಬಾಗಿಲು ತೆಗೆದರೆ ಹಿಮ. ಸ್ಕೀ ಮಾಡದ ಹಿರಿಯರು ಜೊತೆಗಿದ್ದರೆ ಸ್ವಿಟ್ಜರ್ಲೆಂಡಿನ ವೆಂಗನ್. ಅಲ್ಲಿಗೂ ಕಾರು ಹೋಗುವುದಿಲ್ಲ, ಲಾಟರ್‌ಬ್ರುನನ್‌ನಿಂದ ರೈಲು ಹತ್ತಬೇಕು. ಕಲಿಯುವವರ ಜಾಗ ಊರಿನ ನಡುವೆಯೇ ಉಂಟು. ಸ್ಕೀ ಮಾಡದವರು ರೈಲಿನಲ್ಲೇ ಮೇಲೆ ಬಂದು ಮಧ್ಯಾಹ್ನ ನಿಮ್ಮ ಜೊತೆ ಊಟ ಮಾಡಬಹುದು, ಒಂದು ದಿನ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ಸ್ಟೇಷನ್ನಿಗೂ ಹೋಗಿ ಬರಬಹುದು. ಎರಡನೇ ಸಲ ಅಮ್ಮನನ್ನು ಇಲ್ಲಿಗೇ ಕರೆದುಕೊಂಡು ಹೋದೆವು, ದಿನಾ ಬೆಳಿಗ್ಗೆ ನಮಗಿಂತ ಮೊದಲು ಅವರೇ ಕೋಟು ಹಾಕಿ ರೆಡಿ. ವೆಂಗನ್ 1,274 ಮೀಟರ್ ಮಾತ್ರ, ಆದ್ದರಿಂದ ಜನವರಿ, ಫೆಬ್ರವರಿಗೇ ಇಟ್ಟುಕೊಳ್ಳಿ. ಸ್ವಿಟ್ಜರ್ಲೆಂಡಿನದ್ದೇ ಜೆರ್ಮಾಟ್ ಬಹಳ ಚಂದ, ಖರ್ಚೂ ಹಾಗೇ. ಫ್ರಾನ್ಸಿನ ಶಾಮೊನಿಗೆ ದೊಡ್ಡ ಹೆಸರು, 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಆದರೆ ಅಲ್ಲಿ ಸ್ಕೀ ಜಾಗಗಳು ಕಣಿವೆ ಉದ್ದಕ್ಕೂ ಬಿಡಿಬಿಡಿಯಾಗಿ ಉಂಟು, ಮತ್ತೆ ಅದೇ ಬಸ್ಸು. ಆಸ್ಟ್ರಿಯಾದ ಸೇಂಟ್ ಆಂಟನ್ ಕೂಡ ಹೊಸಬರಿಗೆ ಬೇಡ.

ಕ್ರಿಸ್‌ಮಸ್ ವಾರ ದುಬಾರಿ. ಫೆಬ್ರವರಿಯಲ್ಲಿ ಫ್ರಾನ್ಸಿನ ಶಾಲೆಗಳಿಗೆ ರಜೆ, ಶನಿವಾರ ಬೆಟ್ಟದ ರಸ್ತೆಗಳು ಪೂರ್ತಿ ಜಾಮ್. ಜನವರಿಯಲ್ಲಿ ಹೊಸ ವರ್ಷದ ಗಲಾಟೆ ಮುಗಿದ ಮೇಲೆ ರೇಟ್ ಇಳಿಯುತ್ತದೆ, ಚಳಿ ಮಾತ್ರ ಕಡು. ನಮ್ಮ ಕಡೆಯವರಿಗೆ ಮಾರ್ಚ್ ಮೊದಲ ಭಾಗ ಹಿತ. ಬಿಸಿಲು ಇರುತ್ತದೆ, ಹಗಲೂ ಉದ್ದ.

ಮಂಗಳೂರಿನಿಂದ ದುಬೈ, ಅಲ್ಲಿಂದ ಜಿನೀವಾ ಅಥವಾ ಜ್ಯೂರಿಕ್ ಅಂತ ಹೋಗಬಹುದು. ಇಳಿದ ಮೇಲೆ ಬೆಟ್ಟಕ್ಕೆ ಎಷ್ಟು ಹೊತ್ತು ಅನ್ನುವುದನ್ನೂ ಲೆಕ್ಕ ಹಾಕಿ. ಜಿನೀವಾದಿಂದ ಅವೋರಿಯಾಜ್‌ಗಿಂತ ವಾಲ್ ತೊರಾನ್ಸ್ ಬಹಳ ದೂರ. ಈ ದೇಶಗಳಿಗೆಲ್ಲ ಬೇಕಾಗುವ ಶೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋದ ವಿಮೆ ಬೇಕು. ಆ ವಿಮೆಯಲ್ಲಿ ಸ್ಕೀಯಿಂಗ್ ಮತ್ತು ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯಾ ಅಂತ ಒಂದೊಂದು ಸಾಲನ್ನೂ ಓದಿ. ಇಟಲಿಗೆ ಹೋಗುವವರಿಗೆ ಇನ್ನೊಂದು ಮಾತು, ನಿಮ್ಮಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಅಲ್ಲಿ 2022ರಿಂದ ಕಡ್ಡಾಯ.

ಸಸ್ಯಾಹಾರಿಗಳಿಗೆ ಇಟಲಿ ಸುಲಭ. ಉಳಿದ ಕಡೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಕುಚ್ಚಲಕ್ಕಿ ಒಯ್ಯುವುದಾದರೆ ಸಣ್ಣ ಕುಕ್ಕರೂ ಬೇಕು. 2,300 ಮೀಟರಿನಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿ ಇಟ್ಟರೆ ಅಕ್ಕಿ ಬೇಯುವುದೇ ಇಲ್ಲ ಅನ್ನುವಷ್ಟು ಹೊತ್ತು ಹಿಡಿಯುತ್ತದೆ. ತೆಂಗಿನೆಣ್ಣೆ ಬಾಟಲಿಯೊಳಗೆ ಕಲ್ಲಾಗುತ್ತದೆ, ತುಟಿಗೆ ವ್ಯಾಸಲಿನ್ ಇರಲಿ.

ಸ್ಕೀ, ಬೂಟು, ಹೆಲ್ಮೆಟ್ ಎಲ್ಲಾ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಇಲ್ಲಿ ಏನೂ ಕೊಳ್ಳಬೇಡಿ. ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಇರುತ್ತದೆ. ಹೊರಡುವ ಮೊದಲು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ಮನೆಯ ಎಲ್ಲರ ಪಾದ ಅಳೆದು ಬರೆದಿಟ್ಟುಕೊಳ್ಳಿ.